ಕಾರಣ ಸಂಖ್ಯೆ ಮೂರು

ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ ಎಂದು ಚಂಪಾ ಆ ಸೋಮವಾರ ಇಬ್ಬರ ಮುಂದೆ ಹೇಳಿದಳು. ಬೆಳಿಗ್ಗೆ ತನ್ನ ಕಚೇರಿಯಲ್ಲಿ ಮೇಲಧಿಕಾರಿ ರಂಗನಾಥರ ಮುಂದೆ, ಮಧ್ಯಾಹ್ನ ಕೋಲ್ಕತ್ತದ ಖಿದಿರ್‌ಪುರ ಬಂದರಿನ ಸರಕಿನ ಅಂಗಳದಲ್ಲಿ ಇಸ್ರಾಫಿಲ್ ಮೊಲ್ಲಾ ಅವರ ಮುಂದೆ. ರಂಗನಾಥರು ಮೆಚ್ಚಿ ತಲೆದೂಗಿದರು. ಐವತ್ನಾಲ್ಕು ವರ್ಷದ ಇಸ್ರಾಫಿಲ್ ಮಾತ್ರ ಅವಳನ್ನು ಒಂದು ಗಳಿಗೆ ನೋಡಿ, ಹಾಗಾದರೆ ಸುಳ್ಳು ಹೇಳುತ್ತಿರುವವನು ನಾನೇ ಅಂತಾಯಿತಲ್ಲ ಎಂದರು. ಚಂಪಾ ಅಲ್ಲವೆನ್ನಲಿಲ್ಲ. ಅವಳು ಬಂದದ್ದೇ ಹಾಗೆ ಬರೆದುಕೊಡುವುದಕ್ಕೆ.

ಸಂಗತಿ ಇಷ್ಟು. ಹಡಗಿನಿಂದ ಇಳಿದ ಕಂಟೇನರುಗಳ ನಂಬರು ಹಿಡಿಯುವ ಟ್ಯಾಲಿ ಕೆಲಸದವರಿಗೆ ಅಲ್ಲಿನ ಗುತ್ತಿಗೆ ಕಂಪನಿ ಒಂದೊಂದು ಸ್ಕ್ಯಾನರ್ ಕೊಟ್ಟಿತ್ತು. ಸ್ಕ್ಯಾನರು ವೈಫೈ ಮೂಲಕ ಆಫೀಸಿನ ಜೊತೆ ಮಾತಾಡುತ್ತದೆ. ವೈಫೈ ಕಡಿದುಹೋದರೆ ಟ್ರೇಲರು ನಿಲ್ಲುತ್ತದೆ, ಅದರ ಹಿಂದಿನ ಟ್ರೇಲರೂ ನಿಲ್ಲುತ್ತದೆ, ಮೇಲಿನಿಂದ ಬೈಗುಳ ಇಳಿಯುತ್ತದೆ. ಹೋದ ತಿಂಗಳು ಇಸ್ರಾಫಿಲ್ ಅವರ ಸ್ಕ್ಯಾನರಿನಲ್ಲಿ ಅದು ಅರವತ್ತೊಂದು ಸಲ ಕಡಿದಿತ್ತು. ಯಂತ್ರ ತನಗೆ ಆದದ್ದನ್ನೆಲ್ಲ ತಾನೇ ಬರೆದಿಡುವ ಲಾಗ್‌ನಲ್ಲಿ ಅರವತ್ತೊಂದು ಸಲವೂ ಒಂದೇ ಕಾರಣವಿತ್ತು, ಸಂಖ್ಯೆ ಮೂರು. ಮೂರು ಎಂದರೆ ಯಂತ್ರ ತಾನಾಗಿಯೇ ಸಂಪರ್ಕ ಬಿಟ್ಟು ಹೋಯಿತು ಎಂದರ್ಥ. ಯಂತ್ರ ತಾನಾಗಿ ಯಾಕೆ ಹೋಗುತ್ತದೆ, ಹಿಡಿದವನು ಬೀಡಿ ಸೇದಲು ಆಫ್ ಮಾಡಿರುತ್ತಾನೆ ಎಂದು ಗುತ್ತಿಗೆ ಕಂಪನಿ ತೀರ್ಮಾನಿಸಿ ನೋಟಿಸು ಕೊಟ್ಟು, ಶುಕ್ರವಾರ ವಿಚಾರಣೆ ಇಟ್ಟಿತ್ತು. ವಿಚಾರಣೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಇಪ್ಪತ್ತಾರು ವರ್ಷದ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದೆಂದು ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಲಾಗ್ ಸರಿಯಾಗಿದೆ ಎಂದು ತಿಳಿದವರೊಬ್ಬರ ಸಹಿ ಬೀಳುವುದಷ್ಟೇ ಬಾಕಿ.

ತಿಳಿದವಳೆಂದರೆ ಚಂಪಾ. ಧಾರವಾಡದವಳು, ಮೂವತ್ಮೂರು ವರ್ಷ, ಜಾದವ್‌ಪುರದಲ್ಲಿ ಬಾಡಿಗೆ ಕೋಣೆ, ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸ. ಸ್ಕ್ಯಾನರಿನೊಳಗಿನ ವೈಫೈ ಚಿಪ್ಪಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ದುಭಾಷಿಯ ಕೆಲಸ ಮಾಡುವ ಡ್ರೈವರನ್ನು ಅವಳ ಕಂಪನಿ ಬರೆಯುತ್ತಿತ್ತು. ಆ ಡ್ರೈವರು ಲಾಗ್‌ಗೆ ಬರೆಯುವ ಸಾಲುಗಳಿಗೆ ಡೀಬಗ್ ಸಾಲುಗಳೆನ್ನುತ್ತಾರೆ. ಅವನ್ನು ತಿದ್ದುವುದು ಮದುವೆಮನೆಯಲ್ಲಿ ಎಲೆ ಒರೆಸುವಂಥ ಕೆಲಸವೆಂದು ಉಳಿದವರು ಮೂಗು ಮುರಿಯುತ್ತಿದ್ದರು. ಚಂಪಾಗೆ ಅದೇ ಇಷ್ಟ. ಕೆಟ್ಟು ನಿಂತಾಗ ತನಗೇನಾಯಿತೆಂದು ಹೇಳಲಾರದ ಯಂತ್ರ ಕಲ್ಲಿಗೆ ಸಮ ಎನ್ನುತ್ತಿದ್ದಳು. ಅವಳ ಹೆಮ್ಮೆಗೆ ಆಧಾರವಿತ್ತು. ಆದ್ದರಿಂದಲೇ ಅದು ಅಪಾಯದ್ದೂ ಆಗಿತ್ತು.

ಇಸ್ರಾಫಿಲ್ ಜಗಳಕ್ಕೆ ನಿಲ್ಲಲಿಲ್ಲ, ಗೋಗರೆಯಲೂ ಇಲ್ಲ. ಸ್ಕ್ಯಾನರನ್ನು ಅವಳ ಕೈಗೆ ಕೊಟ್ಟು, ಇದನ್ನು ನೀವೇ ಹಿಡಿದುಕೊಂಡು ನನ್ನ ಜೊತೆ ನಾಲ್ಕನೇ ಓಣಿಗೆ ಒಂದು ಸುತ್ತು ಬನ್ನಿ ಎಂದರು. ಓಣಿಯೆಂದರೆ ಎರಡೂ ಕಡೆ ಐದೈದು ಅಂತಸ್ತು ಪೇರಿಸಿಟ್ಟ ಕಂಟೇನರುಗಳ ನಡುವಿನ ಹಾದಿ. ಅವರ ಪಾಳಿ ಈಗ ದಿನವೂ ಅಲ್ಲೇ. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಕಾದು ಮುಖಕ್ಕೆ ಹೊಡೆಯುತ್ತಿತ್ತು. ಚಂಪಾ ಗುಂಡಿಗಳಿಂದ ಬೆರಳು ದೂರವಿಟ್ಟು, ಸ್ಕ್ಯಾನರನ್ನು ಆರತಿ ತಟ್ಟೆಯ ಹಾಗೆ ಮುಂದೆ ಹಿಡಿದು ನಡೆದಳು. ಓಣಿಯ ಮಧ್ಯ ದಾಟಿದ್ದೇ ತಡ, ಪರದೆಯ ಮೇಲಿನ ವೈಫೈ ಗುರುತು ಆರಿಹೋಯಿತು. ಅಲ್ಲೇ ನಿಂತು ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ಲಾಗ್ ನೋಡಿದಳು. ಕಾರಣ ಸಂಖ್ಯೆ ಮೂರು.

"ಈಗ ನೀವೂ ಬೀಡಿ ಸೇದಲು ಹೋದಿರಿ, ದಿದಿ," ಎಂದರು ಇಸ್ರಾಫಿಲ್. ಹೇಳುವಾಗ ನಗಲಿಲ್ಲ.

ಅವಳು ಅದೇ ಓಣಿಯಲ್ಲಿ ಇನ್ನೂ ನಾಲ್ಕು ಸಲ ಓಡಾಡಿದಳು. ಎರಡು ಸಲ ಮತ್ತೆ ಕಡಿಯಿತು, ಮತ್ತೆ ಮೂರು. ಬೇಕೆಂದೇ ವೈಫೈ ಆಫ್ ಮಾಡಿದಳು, ಮೂರು. ಕಂಬದ ಮೇಲಿನ ವೈಫೈ ಪೆಟ್ಟಿಗೆಯ ವಿದ್ಯುತ್ತನ್ನೇ ತೆಗೆಸಿದಳು, ಆಗಲೂ ಮೂರು. ಏನು ಕೇಳಿದರೂ ಒಂದೇ ಉತ್ತರ ಕೊಡುವವನು ಪ್ರಶ್ನೆಯನ್ನೇ ಕೇಳಿಸಿಕೊಂಡಿರುವುದಿಲ್ಲ. ಚಂಪಾ ತಂತಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಕಾಗದಕ್ಕೆ ಸಹಿ ಮಾಡದೆ ಹೊರಟಳು.

ಮರುದಿನ ಕಚೇರಿಯಲ್ಲಿ ಮೊದಲು ಮಾಡಿದ ಕೆಲಸವೇ ಆ ಸಾಲು ಬರೆದವರು ಯಾರೆಂದು ಹುಡುಕಿದ್ದು. ಈ ಡ್ರೈವರು ಮುಚ್ಚಿಟ್ಟ ಸರಕಲ್ಲ, ಜಗತ್ತಿನ ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಒಂದೊಂದು ಸಾಲನ್ನೂ ಯಾರು ಯಾವತ್ತು ಬರೆದರೆಂದು ತೋರಿಸುವ ಆಜ್ಞೆಯೊಂದಿದೆ. ಅದರ ಹೆಸರೇ ಬ್ಲೇಮ್. ಸಿಕ್ಕವನಿಗೆ ಹೇಳಬೇಕಾದ ನಾಲ್ಕು ಮಾತುಗಳನ್ನು ಮನಸ್ಸಿನಲ್ಲೇ ಮಸೆದಿಟ್ಟುಕೊಂಡು ಅವಳು ಆಜ್ಞೆ ಕೊಟ್ಟಳು. ಪರದೆಯ ಮೇಲೆ ಬಂದದ್ದು ಅವಳ ಹೆಸರು.

ನಾಲ್ಕು ವರ್ಷದ ಹಿಂದಿನದು. ಹೊರಗಿನವರು ಒಪ್ಪಿಕೊಂಡ ಅವಳ ಮೊದಲನೆಯ ತಿದ್ದುಪಡಿ. ಅವತ್ತು ಗರಿಯಾಹಾಟಿನಿಂದ ಮಿಷ್ಟಿ ದೊಯಿ ಎಂಬ ಸಿಹಿ ಮೊಸರು ತರಿಸಿ ಇಡೀ ಅಂತಸ್ತಿಗೆ ಹಂಚಿದ್ದಳು. ಚದುರಿಹೋಗಿದ್ದ ಡೀಬಗ್ ಸಾಲುಗಳನ್ನು ಒಟ್ಟು ಮಾಡಿ ಅಚ್ಚುಕಟ್ಟಾಗಿ ಮೇಲೆ ತಂದಿಟ್ಟಿದ್ದಳು. ಆ ಭರದಲ್ಲಿ, ಚಿಪ್ಪು ಹೇಳುವ ಕಾರಣವನ್ನು ಓದಿಕೊಳ್ಳುವ ಮೊದಲೇ ಕಾರಣ ಬರೆಯುವ ಸಾಲು ಬಂದು ಕೂತಿತ್ತು. ಕಾರಣದ ಜಾಗ ಖಾಲಿಯಿದ್ದರೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ನಾಲ್ಕು ವರ್ಷದ ಹಿಂದೆಯೂ ಕೊಟ್ಟಿತ್ತು. ಅದರ ಬಾಯಿ ಮುಚ್ಚಿಸಲು ಅವಳು ಅಲ್ಲಿ ಮೊದಲೇ ಒಂದು ಅಂಕಿ ತುಂಬಿಸಿಟ್ಟಳು, ಮೂರು. ಎಲೆ ಹಾಕುವ ಮೊದಲೇ ರಾಯರು ಉಂಡು ಹೋದರು ಎಂದು ಬರೆದಿಟ್ಟ ಹಾಗೆ. ಕೆಳಗೆ ತನ್ನ ಕೈಯಾರೆ ಟಿಪ್ಪಣಿಯನ್ನೂ ಸೇರಿಸಿದ್ದಳು: ಇದು ಬರೀ ಸ್ವಚ್ಛತೆ, ಕೆಲಸದಲ್ಲಿ ಏನೂ ಬದಲಾವಣೆಯಿಲ್ಲ.

ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ಯಾರ ಮೇಲೆ ಹಾಕಲಿ ಎಂದು ನೋಡಿದರೆ ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ನಿನ್ನೆ ಕೇಳಿಸಿಕೊಂಡ ಮಾತು, ಸುಳ್ಳು ಹೇಳುತ್ತಿರುವವನು ನಾನೇ ಅಂತಾಯಿತಲ್ಲ ಎಂಬುದು, ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂಬ ಗಾದೆಯನ್ನು ಅವಳು ಸಾವಿರ ಸಲ ಬೇರೆಯವರಿಗೆ ಅಂಟಿಸಿದ್ದಳು. ಬರೆ ಎಳೆದ ಕೈ ತನ್ನದೇ ಎಂದು ನೋಡಿದ್ದು ಇದೇ ಮೊದಲು.

ತಿದ್ದಲು ಐದು ನಿಮಿಷ ಸಾಕಾಯಿತು. ಒಂದು ಸಾಲನ್ನು ಹತ್ತು ಸಾಲು ಕೆಳಗೆ ಇಳಿಸಿದರೆ ಮುಗಿಯಿತು. ಆದರೆ ಈ ಕೆಲಸಕ್ಕೊಂದು ಶಿಸ್ತಿದೆ. ತಿದ್ದುಪಡಿಯನ್ನು ಪತ್ರವಾಗಿ ಬರೆದು ಸಾರ್ವಜನಿಕ ಇಮೇಲ್ ಪಟ್ಟಿಗೆ ಕಳಿಸಬೇಕು, ಯಾಕೆ ತಿದ್ದಿದೆವೆಂದು ಹೇಳಬೇಕು, ಕೆಳಗೆ ನಿಜ ಹೆಸರಿನ ಸಹಿ ಹಾಕಬೇಕು. ಸಹಿಯ ಮೇಲೆ, ಯಾವ ಹಳೆಯ ಬದಲಾವಣೆಯಿಂದ ಈ ತಪ್ಪು ಹುಟ್ಟಿತು ಎಂದು ಗುರುತು ಹಾಕಿ ಹೇಳುವ ಇನ್ನೊಂದು ಸಾಲು ಇರಬೇಕು. ಆ ಗುರುತು ಹಿಡಿದು ಹೋದರೆ ಮಾಡಿದವರ ಮನೆ ಬಾಗಿಲಿಗೇ ಹೋಗಿ ಮುಟ್ಟಬಹುದು.

ಬುಧವಾರ ಬೆಳಿಗ್ಗೆ ಅದನ್ನು ರಂಗನಾಥರಿಗೆ ತೋರಿಸಿದಳು. ರಂಗನಾಥರು ಮೈಸೂರಿನವರು, ಹದಿನೆಂಟು ವರ್ಷದಿಂದ ಕೋಲ್ಕತ್ತದಲ್ಲಿದ್ದಾರೆ, ಚಂಪಾಳನ್ನು ಈ ಕೆಲಸಕ್ಕೆ ಸೇರಿಸಿಕೊಂಡವರೂ ಅವರೇ. ಕೆಟ್ಟವರಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ, ಆ ಜಾತಿಯಿಂದಲೇ ಲೋಕದ ಅರ್ಧ ಅನ್ಯಾಯ ನಡೆಯುವುದು. ಅವರು ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟು, ಬಾಗಿಲು ಹಾಕಿಸಿದರು. ಗುತ್ತಿಗೆ ಕಂಪನಿ ಎಷ್ಟು ದೊಡ್ಡ ಗಿರಾಕಿ, ನಾಲ್ಕು ವರ್ಷ ನಮ್ಮ ಲಾಗ್ ಸುಳ್ಳಾಗಿತ್ತು ಎಂದರೆ ನಾಳೆ ಬೇರೆ ಗಿರಾಕಿಗಳೂ ಏನೆಂದಾರು ಎಂದು ಸಮಾಧಾನದಿಂದ ವಿವರಿಸಿದರು. ಶುಕ್ರವಾರ ಕಳೆಯಲಿ, ಆಮೇಲೆ ಇದನ್ನು ಇನ್ನೊಂದು ಸ್ವಚ್ಛತೆಯ ತಿದ್ದುಪಡಿಯೆಂದು ಸದ್ದಿಲ್ಲದೆ ಸೇರಿಸೋಣ, ನಿನ್ನ ಹೆಸರೂ ಉಳಿಯುತ್ತದೆ ಎಂದರು.

"ಸುಳ್ಳು ಬರಿ ಅಂತ ನಾನು ಹೇಳ್ತಾ ಇಲ್ಲಮ್ಮ. ಲಾಗ್‌ನಲ್ಲಿರೋದು ಡ್ರೈವರ್ ಬರೆದದ್ದೇ, ಅಂತ ಒಂದು ಸಾಲು ಬರೆದುಕೊಡು. ಅದು ನಿಜಾನೇ ತಾನೇ?"

"ನಿಜ ಐತ್ರಿ ಸರ್. ಆ ನಿಜದಿಂದನ ಒಬ್ಬರ ಹೊಟ್ಟಿ ಮ್ಯಾಲೆ ಹೊಡದಂಗ ಆಗ್ತೈತಿ. ನಾ ಬರಿಯಂಗಿಲ್ಲ."

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದು ನಾಲ್ಕು ವರ್ಷ ಆತ್ರಿ. ಇನ್ನ ಸಾಕು."

ರಂಗನಾಥರ ಮುಖ ಬಿಗಿಯಿತು. ಕಂಪನಿಯ ವಿಳಾಸದಿಂದ ಈ ಪತ್ರ ಹೋಗಕೂಡದು, ಸೋಮವಾರದ ತನಕ ರಜೆ ತಗೊಂಡು ಯೋಚನೆ ಮಾಡು, ಶುಕ್ರವಾರ ಖಿದಿರ್‌ಪುರದ ಕಡೆ ತಲೆ ಹಾಕಬೇಡ, ಹಾಕಿದರೆ ಸೋಮವಾರ ಇಲ್ಲಿಗೆ ಬರುವ ತೊಂದರೆಯೂ ಬೇಡ ಎಂದರು. ಚಂಪಾಗೆ ಹೆದರಿಕೆಯಾಯಿತು. ಊರಿಗೆ ಫೋನ್ ಮಾಡಿ ಕೆಲಸ ಹೋಯಿತೆಂದು ಹೇಳುವ ದೃಶ್ಯ ಕಣ್ಣ ಮುಂದೆ ಬಂತು. ಆದರೂ ಆಗಲಿ ಸರ್ ಎಂದು ಎದ್ದಳು, ಯಾವುದಕ್ಕೆ ಆಗಲಿ ಎಂದಳೆಂದು ಅವರು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಜಾದವ್‌ಪುರದ ಕೋಣೆಯಲ್ಲಿ ಕೂತು, ತನ್ನ ಸ್ವಂತ ವಿಳಾಸದಿಂದ ಪತ್ರ ಕಳಿಸಿದಳು. ಡೀಬಗ್ ಸಾಲು ನಿಜವಾದ ಕಾರಣ ಹೇಳಲಿ ಎಂಬುದು ಅದರ ತಲೆಬರಹ. ಈ ಸಾಲು ನಾಲ್ಕು ವರ್ಷದಿಂದ ಪ್ರತಿಯೊಂದು ಕಡಿತಕ್ಕೂ ಮೂರು ಎಂದೇ ಬರೆಯುತ್ತಿದೆ, ಚಿಪ್ಪು ಹೇಳುವುದನ್ನು ಓದುವ ಮೊದಲೇ ಬರೆಯುವುದರಿಂದ ಹೀಗಾಗಿದೆ ಎಂದು ವಿವರಿಸಿದಳು. ಕೊನೆಗೆ ಎರಡು ವಾಕ್ಯ ಸೇರಿಸಿದಳು: ಇದನ್ನು ನಂಬಿ ಮನುಷ್ಯರ ಮೇಲೆ ಆರೋಪ ಹೊರಿಸಲಾಗಿದೆ. ತಪ್ಪು ನನ್ನದು.

ಈ ಡ್ರೈವರಿನ ಹೊಣೆ ಹೊತ್ತ ಮೇಲ್ವಿಚಾರಕನ ಹೆಸರಷ್ಟೇ ಅವಳಿಗೆ ಗೊತ್ತು. ಯಾವ ದೇಶದವನೋ, ಎಷ್ಟು ವಯಸ್ಸಿನವನೋ, ದೇವರೇ ಬಲ್ಲ. ಅವನ ಉತ್ತರ ಮಧ್ಯಾಹ್ನದೊಳಗೆ ಬಂತು. ತಿದ್ದುಪಡಿ ಸರಿಯಿದೆ, ಆದರೆ ಕೊನೆಯ ಎರಡು ವಾಕ್ಯ ತೆಗೆಯಬೇಕು, ಇಲ್ಲಿ ಕೋಡಿನ ಬಗ್ಗೆ ಬರೆಯುತ್ತೇವೆಯೇ ಹೊರತು ಮನುಷ್ಯರ ಬಗ್ಗೆ ಬರೆಯುವ ಪದ್ಧತಿಯಿಲ್ಲ ಎಂದಿದ್ದ. ಚಂಪಾ ಕುರ್ಚಿಯಿಂದ ಎದ್ದು ಎರಡು ಸುತ್ತು ಹಾಕಿ ಬಂದು ಕೂತಳು. ಈ ಸಾಲು ನಾಲ್ಕು ವರ್ಷದಿಂದ ಮನುಷ್ಯರ ಬಗ್ಗೆಯೇ ಬರೆಯುತ್ತಿದೆ, ಆಗ ಯಾರೂ ತೆಗೆಯಲು ಹೇಳಲಿಲ್ಲ, ಈಗ ನಾನೂ ತೆಗೆಯುವುದಿಲ್ಲ ಎಂದು ಬರೆದು ಕಳಿಸಿದಳು. ಸಂಜೆಯವರೆಗೆ ಆ ಕಡೆಯಿಂದ ಸದ್ದಿಲ್ಲ. ಕತ್ತಲಾಗುವ ಮುಂಚೆ ಒಂದೇ ಪದದ ಉತ್ತರ ಬಂತು, ಸೇರಿಸಲಾಗಿದೆ. ವಾಕ್ಯಗಳೆರಡೂ ಇದ್ದ ಹಾಗೇ ಉಳಿದಿದ್ದವು.

ಶುಕ್ರವಾರ ಹತ್ತೂವರೆಗೆ ಅವಳು ಸರಕಿನ ಅಂಗಳದ ಗೇಟಿನಲ್ಲಿದ್ದಳು. ಕಾವಲುಗಾರ ಪಟ್ಟಿ ನೋಡಿ, ನಿಮ್ಮ ಹೆಸರು ನಿನ್ನೆ ಹೊಡೆದುಹಾಕಿದ್ದಾರೆ, ನಿಮ್ಮ ಕಂಪನಿಯಿಂದಲೇ ಫೋನ್ ಬಂದಿತ್ತು ಎಂದ. ಚಂಪಾ ಅಲ್ಲಿಂದ ಕದಲಲಿಲ್ಲ. ಇಸ್ರಾಫಿಲ್ ಅವರಿಗೆ ಫೋನ್ ಮಾಡಿ, ಲಾಗ್ ನಾಲ್ಕು ವರ್ಷದಿಂದ ಸುಳ್ಳು ಬರೆಯುತ್ತಿದೆ, ತಪ್ಪು ನನ್ನದು, ಅದನ್ನು ಹೇಳಲು ಬಂದಿದ್ದೇನೆ ಎಂದಳು. ಅವರು ಗೇಟಿಗೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೆಲಸದಿಂದ ತೆಗೆಸಿಕೊಳ್ಳಲು ಅಲ್ಲ, ಮದುವೆಗೆ ಹೊರಟವರ ಹಾಗೆ. ನೋಟಿಸಿನ ಕಾಗದ ಬಿಚ್ಚಿ ಕಾವಲುಗಾರನ ಮುಂದೆ ಹಿಡಿದು, ವಿಚಾರಣೆಗೆ ಒಬ್ಬ ಸಾಕ್ಷಿಯನ್ನು ಕರೆತರಬಹುದು ಎಂದು ನೀವೇ ಬರೆದಿದ್ದೀರಿ, ನನ್ನ ಸಾಕ್ಷಿ ಇವರು ಎಂದರು. ಸೋಮವಾರ ಅವರ ವಿರುದ್ಧ ಸಹಿ ಮಾಡಲು ಬಂದವಳನ್ನು ಶುಕ್ರವಾರ ಅವರು ಹೀಗೆ ಒಳಗೆ ಕರೆದುಕೊಂಡು ಹೋದರು.

ಮೇಲಿನ ಮಹಡಿಯಲ್ಲಿ ಗುತ್ತಿಗೆ ಕಂಪನಿಯ ವ್ಯವಸ್ಥಾಪಕ ಕೂತಿದ್ದ. ಅವನ ಮೇಜಿನ ಮೇಲೆ ರಂಗನಾಥರ ಸಹಿಯಿದ್ದ ಕಾಗದ ಆಗಲೇ ಬಂದು ಬಿದ್ದಿತ್ತು, ಲಾಗ್‌ನಲ್ಲಿರುವುದು ಡ್ರೈವರ್ ಬರೆದದ್ದೇ ಎಂಬ ಆ ಒಂದು ಸಾಲು. ವ್ಯವಸ್ಥಾಪಕ ಅದನ್ನು ಬೆರಳಿನಿಂದ ತಟ್ಟಿದ. ನಿಮ್ಮ ಕಂಪನಿ ಸರಿ ಎನ್ನುತ್ತಿದೆ, ನೀವು ತಪ್ಪು ಎನ್ನುತ್ತಿದ್ದೀರಿ, ಕಂಪನಿಗಿಂತ ಹೆಚ್ಚು ತಿಳಿದವರು ನೀವು ಯಾರು ಎಂದು ಹಿಂದಿಯಲ್ಲಿ ಕೇಳಿದ.

"ಅದನ್ನು ಕೆಡಿಸಿದವಳು," ಎಂದಳು ಚಂಪಾ.

ಪತ್ರದ ಅಚ್ಚುಪ್ರತಿಯನ್ನು ಅವನ ಮುಂದೆ ಇಟ್ಟಳು. ಇಲ್ಲಿ ನನ್ನ ಹೆಸರು ಎರಡು ಕಡೆ ಇದೆ, ಒಂದು ಕಡೆ ತಪ್ಪು ಮಾಡಿದ್ದಕ್ಕೆ, ಒಂದು ಕಡೆ ತಿದ್ದಿದ್ದಕ್ಕೆ, ಇದನ್ನು ಈಗ ಜಗತ್ತೇ ಓದಬಹುದು, ನೀವೂ ಓದಿ ಎಂದಳು. ಓದಿ ಅವನಿಗೇನೂ ಅರ್ಥವಾಗಲಿಲ್ಲ. ಅರ್ಥವಾಗದವನು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಅವಳು ತಿದ್ದಿದ ಡ್ರೈವರನ್ನು ಲ್ಯಾಪ್‌ಟಾಪಿನಲ್ಲಿ ತಂದಿದ್ದಳು. ಅವನೆದುರೇ ಅದನ್ನು ಇಸ್ರಾಫಿಲ್ ಅವರ ಸ್ಕ್ಯಾನರಿಗೆ ಹಾಕಿ, ನೀವೇ ಹಿಡಿದುಕೊಳ್ಳಿ, ನಾಲ್ಕನೇ ಓಣಿಗೆ ಹೋಗೋಣ ಎಂದಳು. ಬಿಸಿಲು ಎಂದ ಅವನು. ಅವರು ಇಪ್ಪತ್ತಾರು ವರ್ಷದಿಂದ ಆ ಬಿಸಿಲಲ್ಲೇ ಇದ್ದಾರೆ ಎಂದಳು ಚಂಪಾ. ಅವನು ಮನಸ್ಸಿಲ್ಲದ ಮನಸ್ಸಿನಿಂದ ಎದ್ದ.

ಓಣಿಯ ಮಧ್ಯ ದಾಟುವಾಗ ಅವನ ಕೈಯಲ್ಲೇ ಗುರುತು ಆರಿತು. ಲಾಗ್‌ನಲ್ಲಿ ಈ ಸಲ ನಾಲ್ಕು ಎಂದಿತ್ತು. ವೈಫೈ ಪೆಟ್ಟಿಗೆಯ ಸದ್ದೇ ಕೇಳಿಸದೆ ಕಾದು ಕಾದು ಬಿಟ್ಟೆ ಎಂದು ಅದರರ್ಥ. ಈಗ ನೀವೇ ಆಫ್ ಮಾಡಿ ಎಂದಳು. ಮಾಡಿದ. ಮೂರು ಬಂತು. ಮತ್ತೆ ಆನ್ ಮಾಡಿ ಹತ್ತು ಹೆಜ್ಜೆ ನಡೆದ, ಕಡಿಯಿತು, ನಾಲ್ಕು. ಕಾಲರ್ ತೊಯ್ದು ಹೋಗಿದ್ದ ವ್ಯವಸ್ಥಾಪಕ ಎರಡೂ ಕಡೆಯ ಕಬ್ಬಿಣದ ಗೋಡೆಗಳನ್ನು ತಲೆಯೆತ್ತಿ ನೋಡಿದ. ಅಷ್ಟು ವರ್ಷದಲ್ಲಿ ಆ ಓಣಿಗೆ ಅವನು ಕಾಲಿಟ್ಟದ್ದು ಬಹುಶಃ ಅದೇ ಮೊದಲು. ವಾಪಸ್ ಬಂದು, ಕ್ಷಮಿಸಿ ಎನ್ನದೆ, ನೋಟಿಸು ಹಿಂತೆಗೆದುಕೊಂಡಿದ್ದೇವೆ ಎಂದು ಬರೆದು ಸಹಿ ಹಾಕಿ ಕೊಟ್ಟ.

ಚಂಪಾಗೆ ಮೆಟ್ಟಿಲಿಳಿಯುವಾಗ ಕಾಲು ನೆಲದ ಮೇಲಿರಲಿಲ್ಲ. ರಂಗನಾಥರ ಮೂರು ಕರೆಗಳು ಫೋನಿನಲ್ಲಿ ಬಂದು ಹೋಗಿದ್ದವು, ಹೋಗಲಿ ಬಿಡು ಅನ್ನಿಸಿತು. ಗೆದ್ದೆ ಎನ್ನುವ ಸಂತೋಷ ಎಷ್ಟು ಬೇಗ ತಪ್ಪನ್ನು ಮರೆಸುತ್ತದೆಂದರೆ, ಇಸ್ರಾಫಿಲ್ ಏನಾದರೂ ಒಳ್ಳೆಯ ಮಾತು ಹೇಳಿಯಾರೆಂದು ಅವಳು ಕಾಯುತ್ತಿದ್ದಳು. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟು, ಮೆಟ್ಟಿಲ ಮೇಲೇ ನಿಂತರು.

"ನಾಲ್ಕು ವರ್ಷದಿಂದ ಅಂದಿರಿ, ಅಲ್ಲವೇ ದಿದಿ?"

ಹೌದು ಎಂದಳು.

"ನಾಲ್ಕನೇ ಓಣಿ ನನಗೆ ಬಂದದ್ದು ಹೋದ ವರ್ಷ. ಮೊದಲು ಅದು ಲಖನ್‌ನ ಓಣಿ. ಅವನನ್ನು ಇದೇ ಮೂರರ ನೋಟಿಸು ಕೊಟ್ಟು ತೆಗೆದರು. ಅವನಿಗೂ ಮೊದಲು ಸಬೀನಾ ಇದ್ದಳು. ಅವಳನ್ನೂ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಂಪಾಗೆ ಹಗುರವಾಗುತ್ತಿತ್ತು. ಲಖನ್ ಈಗ ಎಲ್ಲಿದ್ದಾನೆಂದು ಕೇಳಿದಳು. ಸಿಕ್ಕ ದಿನ ಹಮಾಲಿ ಮಾಡುತ್ತಾನೆ ಎಂದರು. ಸಬೀನಾ? ಅವಳು ಊರಿಗೆ ಹೋದಳು, ಕೆಲಸಗಳ್ಳಿ ಅನ್ನಿಸಿಕೊಂಡು ಇಲ್ಲಿ ಇರಲಾರೆ ಅಂದಳು ಎಂದರು. ಆ ಇಬ್ಬರ ಮುಖವನ್ನೂ ಚಂಪಾ ಕಂಡವಳಲ್ಲ. ಬಾಯಿಗೆ ಬಂದ ಕ್ಷಮೆ ಅಷ್ಟು ಚಿಕ್ಕದಾಗಿ ಕಂಡಿತೆಂದರೆ, ಅದನ್ನು ಆಡಲು ಅವಳಿಗೆ ಅಸಹ್ಯವಾಯಿತು.

ಅವಳು ತಿರುಗಿ ಮೆಟ್ಟಿಲು ಹತ್ತಿದಳು. ವ್ಯವಸ್ಥಾಪಕ ಚಹಾ ತರಿಸಿಕೊಂಡು ಮುಖ ಒರೆಸಿಕೊಳ್ಳುತ್ತಿದ್ದ. ಲಖನ್ ಮತ್ತು ಸಬೀನಾ ಅವರ ಫೈಲು ತೆಗೆಯಿರಿ ಎಂದಳು. ಆ ಪ್ರಕರಣಗಳು ಮುಗಿದು ಹೋಗಿವೆ ಎಂದ ಅವನು. ಸಾಕ್ಷಿಯ ಕೆಲಸವೂ ಮುಗಿಯಿತು, ನಿಮ್ಮ ಕಂಪನಿಯವರು ನಿಮ್ಮನ್ನು ಕಳಿಸಿಲ್ಲ ಎನ್ನುತ್ತಿದ್ದಾರೆ, ನೀವು ಯಾವ ಅಧಿಕಾರದಿಂದ ಕೇಳುತ್ತಿದ್ದೀರಿ ಎಂದೂ ಸೇರಿಸಿದ.

ಚಂಪಾ ಅವನೆದುರಿನ ಕುರ್ಚಿ ಎಳೆದುಕೊಂಡು ಕೂತಳು. ಹಿಂದೆಯೇ ಬಂದ ಇಸ್ರಾಫಿಲ್ ಪಕ್ಕದ ಕುರ್ಚಿಯಲ್ಲಿ ಕೂತರು.

"ಅವರಿಬ್ಬರನ್ನೂ ತೆಗೆದದ್ದು ನಾನು," ಎಂದಳು. "ವಾಪಸ್ ಕರೆಸುವ ತನಕ ಇಲ್ಲಿಂದ ಏಳುವುದಿಲ್ಲ."